ಕೂಸಿನ ಮನೆಗೆ ಕೂಲಿ ದಿನದ ಲೆಕ್ಕ

ನರೇಗಾ ಜಾಗಕ್ಕೆ ಬಂದ ‘ವಿಬಿ–ಜಿ ರಾಮ್ ಜಿ’ ಕಾಯ್ದೆಯ ಬಗ್ಗೆ ಪುಟಗಟ್ಟಲೆ ಬರೆದದ್ದಾಯಿತು. ಗಾಂಧಿ ಹೆಸರು ಹೋಯಿತು, ರಾಜ್ಯದ ತಲೆಗೆ ಶೇ 40ರ ಪಾಲು ಬಿತ್ತು. ಸರಿ. ಕೂಲಿಕಾರರ ಮಕ್ಕಳನ್ನು ಹಗಲು ನೋಡಿಕೊಳ್ಳುವ ‘ಕೂಸಿನ ಮನೆ’ಯ ಹೊಸ್ತಿಲಲ್ಲಿ ನಿಂತು ಅದನ್ನು ಓದಿದವರು ಮಾತ್ರ ನನಗೆ ಸಿಗಲಿಲ್ಲ. ಮಗು ನೋಡಿಕೊಳ್ಳುವ ಕೆಲಸವನ್ನು ಕೂಲಿ ದಿನಗಳಿಗೆ ಗಂಟುಹಾಕಿದ್ದು ಹಳೆಯ ಕಾಯ್ದೆಯಲ್ಲೂ ತಪ್ಪು, ಹೊಸದರಲ್ಲಿ ಇನ್ನೂ ದೊಡ್ಡ ತಪ್ಪು.

2023ರಲ್ಲಿ ಕೂಸಿನ ಮನೆ ಯೋಜನೆ ಘೋಷಣೆಯಾದಾಗಿನಿಂದ ಎಲ್ಲರ ಬಾಯಲ್ಲೂ 4,000 ಕೇಂದ್ರಗಳದ್ದೇ ಮಾತು. ನೋಡಬೇಕಾದ ಸಂಖ್ಯೆ 100. ಆರೈಕೆದಾರರು ಉದ್ಯೋಗ ಚೀಟಿಯ ಮಹಿಳೆಯರು. ನರೇಗಾದ ಲೆಕ್ಕದಲ್ಲಿ ನೂರು ದಿನ ಮುಗಿದರೆ ಪಾಳಿ ಬೇರೆಯವರದ್ದು. ವರ್ಷಕ್ಕೆ 300 ದಿನ ಬಾಗಿಲು ತೆರೆದರೆ ಒಬ್ಬರ ಜಾಗಕ್ಕೆ ಮೂವರು. ಒಂದು ವರ್ಷ ತುಂಬಿದಾಗ ಸೇರಿದ ಮಗು ಅಂಗನವಾಡಿಗೆ ಹೋಗುವ ಹೊತ್ತಿಗೆ ಆರು ಮಡಿಲು ದಾಟಿರುತ್ತದೆ. ಇದೂ ಉದಾರ ಲೆಕ್ಕವೇ. ಖಾತರಿ ಇರುವುದು ಇಡೀ ಕುಟುಂಬಕ್ಕೆ. ಗಂಡ ಕೃಷಿ ಹೊಂಡ ತೋಡಿ 40 ದಿನ ತೆಗೆದುಕೊಂಡಿದ್ದರೆ ಅವಳಿಗೆ ಉಳಿಯುವುದು 60.

ಕೂಲಿಕಾರರ ಮಕ್ಕಳ ಪಾಲನಾ ಕೇಂದ್ರವೊಂದರಲ್ಲಿ ಕೆಲವು ವರ್ಷ ದುಡಿದವಳು ನಾನು. ಹೊಸ ಮಗು ಮೊದಲ ವಾರವಿಡೀ ಬಾಗಿಲು ನೋಡಿ ಅಳುತ್ತದೆ. ಆಮೇಲೆ ಯಾರದೋ ಒಬ್ಬರ ಸೆರಗು ಹಿಡಿಯುತ್ತದೆ. ಊಟ, ನಿದ್ದೆ ಎಲ್ಲ ಅವರ ಕೈಯಲ್ಲೇ. ಜ್ವರಕ್ಕೆ ಮುಂಚೆ ಯಾವ ಮಗು ಮಂಕಾಗುತ್ತದೆ, ಯಾವುದು ರಚ್ಚೆ ಹಿಡಿಯುತ್ತದೆ ಎಂಬುದು ಒಂದು ವಾರದ ತರಬೇತಿಗೆ ದಕ್ಕುವ ವಿದ್ಯೆಯಲ್ಲ. ಆಯಾ ಒಬ್ಬರು ಕೆಲಸ ಬಿಟ್ಟಾಗ ಒಂದೂವರೆ ವರ್ಷದ ಹುಡುಗಿ ನಾಲ್ಕು ದಿನ ಅನ್ನದ ತಟ್ಟೆ ತಳ್ಳಿದಳು. ಐದನೇ ದಿನ ಗೋಡೆಗೊರಗಿ ಕೂತು, ತಾನೇ ಕಲಸಿಕೊಂಡು ತಿಂದಳು. ಯಾರ ಮಡಿಲಿಗೂ ಬರಲಿಲ್ಲ. ಅವಳಿಗೆ ‘ಸ್ವಾವಲಂಬನೆ’ ಬಂದಿದೆ ಎಂದು ವರದಿಯಲ್ಲಿ ಬರೆದ ಪುಣ್ಯಾತ್ಮರೂ ಇದ್ದರು!

ಹೊಸ ಕಾಯ್ದೆ 125 ದಿನ ಕೊಟ್ಟಿದೆಯಲ್ಲ ಎನ್ನುವವರು ಅದರ ಇನ್ನೊಂದು ಕಲಮು ಓದಲಿ. ಬಿತ್ತನೆ, ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನ ಕಾಮಗಾರಿಗೆ ರಜೆ. ತಾಯಿ ನಸುಕಿನಲ್ಲೇ ಹೊಲಕ್ಕೆ ಹೊರಡುವುದು ಅದೇ ದಿನಗಳಲ್ಲಿ. ಆಗ ಆರೈಕೆದಾರರ ಕೂಲಿ ಹುಟ್ಟದಿದ್ದರೆ ಕೂಸಿನ ಮನೆಯ ಬೀಗ ತೆಗೆಯುವವರು ಯಾರು?

ಆರೈಕೆಯನ್ನು ಕೂಲಿಗೆ ಕಟ್ಟಿದ ಈ ಗಂಟಿನ ಮೂಲ 2005ರ ನರೇಗಾ ಕಾಯ್ದೆಯಲ್ಲಿದೆ. ಕಾಮಗಾರಿ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ, ದುಡಿಯುವ ಹೆಂಗಸರಲ್ಲೇ ಒಬ್ಬರನ್ನು ಅವರ ಬಳಿ ಬಿಡಬೇಕೆಂದು ಅದರ ಅನುಸೂಚಿ ಹೇಳಿತ್ತು. ಕೆರೆ ಏರಿಯ ಮರದ ನೆರಳಿಗೆ, ಒಂದು ಹಗಲಿನ ಮಟ್ಟಿಗೆ, ಅದು ಸಾಕಾಗಿತ್ತು. ಗೋಡೆ, ಚಾವಣಿ, ಆಟಿಕೆಗಳ ಕೇಂದ್ರಕ್ಕೂ ಅದೇ ಬುದ್ಧಿಯನ್ನು ಎಳೆದು ತಂದೆವು: ಹೆಂಗಸಾದರೆ ಸಾಕು, ಯಾರಾದರೂ ನಡೆಯುತ್ತದೆ! ಅಂಗನವಾಡಿಯಲ್ಲಿ ಹಾಗಲ್ಲ: ಗೌರವಧನ ಎಷ್ಟೇ ಕಡಿಮೆಯಿರಲಿ, ಕಾರ್ಯಕರ್ತೆ ದಶಕಗಟ್ಟಲೆ ಅದೇ ಊರಲ್ಲಿ ಉಳಿಯುತ್ತಾಳೆ. ತಾನು ಎತ್ತಿ ಆಡಿಸಿದ ಮಗುವಿನ ಮಗುವೂ ಅವಳ ಕೈಗೇ ಬರುವುದುಂಟು.

ಪ್ರತಿ ಕೂಸಿನ ಮನೆಗೆ ಇಬ್ಬರು ಖಾಯಂ ಎಂದರೆ 8,000 ಮಹಿಳೆಯರು. ಅವರ ಸಂಬಳವನ್ನು ಮಾನವ ದಿನಗಳಿಂದ ಬಿಡಿಸಿ ರಾಜ್ಯದ ಬಜೆಟ್ಟಿನಲ್ಲಿ ಬೇರೆ ಬಾಬ್ತಾಗಿ ತೋರಿಸಲು ದೆಹಲಿಯ ಅಪ್ಪಣೆ ಬೇಕಿಲ್ಲ.