ಮುಟ್ಟಬೇಡ ಎನ್ನುವ ಮೊದಲು

ನಮ್ಮ ಕಣಗಲಾ ಸೀಮೆಯ ಎಷ್ಟೋ ಮನೆಗಳ ಶೋಕೇಸಿನಲ್ಲಿ ಗೋಕಾಕದ ಬಣ್ಣದ ಹಣ್ಣುಗಳು ಕೂತಿರುತ್ತವೆ. ಮಕ್ಕಳು ಕೈ ಚಾಚಿದರೆ ಸಾಕು, "ಮುಟ್ಟಬ್ಯಾಡ, ಬಣ್ಣ ಹೋಗತೈತಿ" ಎಂದು ಗದರುತ್ತೇವೆ. ನಾನೂ ಗದರಿದವಳೇ. ಅದು ತಪ್ಪೆಂದು ಈಗ ಹೇಳಬೇಕಾಗಿದೆ.

ಆ ಮಾವಿನಹಣ್ಣನ್ನು ಕಣ್ಣು ನಿಜವೆಂದೇ ನಂಬುತ್ತದೆ. ಕೈಗೆತ್ತಿಕೊಂಡರೆ ಗುಟ್ಟು ರಟ್ಟಾಗುತ್ತದೆ: ಭಾರವಿಲ್ಲ, ತಂಪಿಲ್ಲ, ಒತ್ತಿದರೆ ಮೆತ್ತಗಿಲ್ಲ. ಆದರೆ ಹಿಂದೆ ನಿಜವಾದ ಹಣ್ಣು ಹಿಡಿದ ನೆನಪಿರುವ ಕೈಗೆ ಮಾತ್ರ ಇದು ತಿಳಿದೀತು.

ಡಬ್ಲಿನ್ನಿನ ವಿಲಿಯಂ ಮಾಲಿನೋ ಎಂಬಾತ 1688ರಲ್ಲಿ ತತ್ತ್ವಜ್ಞಾನಿ ಜಾನ್ ಲಾಕ್‌ನಿಗೆ ಒಂದು ಪ್ರಶ್ನೆ ಕಳಿಸಿದ. ಮಾಲಿನೋನ ಹೆಂಡತಿ ಕಣ್ಣು ಕಳೆದುಕೊಂಡಾಕೆ. ಹುಟ್ಟುಕುರುಡನೊಬ್ಬ ಗೋಲವನ್ನೂ ಘನವನ್ನೂ ಮುಟ್ಟಿ ಬಲ್ಲ. ಅವನಿಗೆ ದೃಷ್ಟಿ ಬಂದರೆ, ಮುಟ್ಟದೆ, ಬರೀ ನೋಡಿ ಯಾವುದು ಯಾವುದೆಂದು ಹೇಳಬಲ್ಲನೆ? ಉತ್ತರ ನಮ್ಮ ದೇಶದಲ್ಲೇ ಸಿಕ್ಕಿತು. ವಿಜ್ಞಾನಿ ಪವನ್ ಸಿನ್ಹಾ ಮತ್ತು ಸಂಗಡಿಗರು, ದಿಲ್ಲಿಯಲ್ಲಿ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಪಡೆದ 8ರಿಂದ 17 ವಯಸ್ಸಿನ ಐದು ಮಕ್ಕಳನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಮುಟ್ಟಿದ ಆಕಾರವನ್ನು ಆ ಮಕ್ಕಳು ಮೊದಲಿಗೆ ನೋಡಿ ಗುರುತಿಸಲಾರದೆ ಹೋದರು. ದಿನನಿತ್ಯದ ವಸ್ತುಗಳ ನಡುವೆ ಕೆಲವು ದಿನ ಬಾಳಿದ ಮೇಲೆ ಮತ್ತೆ ಕೇಳಿದಾಗ, ಯಾವ ತರಬೇತಿಯೂ ಇಲ್ಲದೆ ಬಹಳಷ್ಟು ಸರಿ ಹೇಳಿದರು. ಅಂದರೆ ಕಣ್ಣಿಗೂ ಕೈಗೂ ಹುಟ್ಟಿನಿಂದ ಬಂದ ನಂಟಿಲ್ಲ. ಬಳಕೆಯೇ ಅವನ್ನು ಬೆಸೆಯಬೇಕು.

ನಾವೋ, ಆ ಬಳಕೆಯನ್ನೇ ಕಿತ್ತುಕೊಳ್ಳುತ್ತಿದ್ದೇವೆ. ಗೋಡೆಯ ಪಟದಲ್ಲಿ ಜೋಳದ ತೆನೆ, ಮೊಬೈಲಿನಲ್ಲಿ ಹತ್ತಿಕಾಯಿ. ಹೆಸರು ಹೇಳಿದರೆ ಪೂರ್ಣ ಅಂಕ! ಒಮ್ಮೆ ನಾಲ್ಕನೆಯ ಇಯತ್ತೆಯಲ್ಲಿ ಅರಿವೆಯ ಚೀಲದೊಳಗೆ ಸಾಮಾನು ಹಾಕಿ, ನೋಡದೆ ಮುಟ್ಟಿ ಹೇಳಿರೆಂದೆ. ಪಟದ ಮುಂದೆ ಎಲ್ಲವನ್ನೂ ಪಟಪಟನೆ ಹೇಳಿದ್ದ ಮೊದಲ ನಂಬರಿನ ಹುಡುಗ ಅರಿಷಿಣದ ಕೊಂಬು ಹಿಡಿದು "ಶುಂಠಿ" ಎಂದ. ಹಿಂದಿನ ಸಾಲಿನ ಹುಡುಗಿ ಕೈ ಹಾಕಿ, "ಅಲ್ಲರಿ ಅಕ್ಕೋರ, ಅರಿಷಿಣ. ಶುಂಠಿ ಇಷ್ಟ ಗಟ್ಟಿ ಇರೂದಿಲ್ಲ" ಎಂದಳು. ಆಯಿಯ ಜೋಡಿ ಅರಿಷಿಣ ಕುಟ್ಟಿದ ಕೈ ಅದು. ಆ ಹುಡುಗಿಯನ್ನು ನಾನು ದಡ್ಡಿ ಎಂದು ಎಣಿಸಿದ್ದೆ.

ಹೆಣ್ಣುಮಕ್ಕಳನ್ನು ಒರಳಿನ ಮುಂದೆ ಕೂಡಿಸಿರೆಂದು ನಾನು ಹೇಳುತ್ತಿಲ್ಲ. ಆಕೆಯ ಕೈಯ ತಿಳಿವಳಿಕೆಗೂ ಅಂಕ ಬೇಕು, ಆ ಹುಡುಗನ ಕೈಗೂ ಕೆಲಸ ಬೇಕು ಎನ್ನುತ್ತಿದ್ದೇನೆ. ಪಟ ಇರಲಿ, ಮೊಬೈಲೂ ಇರಲಿ. ಪಕ್ಕದಲ್ಲಿ ವಸ್ತುವೂ ಇರಲಿ.

ತಾಯಂದಿರೇ, ಇಂದು ಸಂಜೆ ಶೋಕೇಸಿನ ಬಾಗಿಲು ತೆರೆಯಿರಿ. ಮಗುವಿನ ಒಂದು ಕೈಗೆ ಗೋಕಾಕದ ಹಣ್ಣು, ಇನ್ನೊಂದಕ್ಕೆ ಪೇಟೆಯ ಹಣ್ಣು ಕೊಡಿರಿ. ಬಣ್ಣ ಹೋದರೆ ಹೋಗಲಿ.