ಸಂಘದ ಕಂಪ್ಯೂಟರಿನ ಕೀಲಿಕೈ ಯಾರಲ್ಲಿ?

ದಾದರ್‌ನಲ್ಲಿರುವ ನಮ್ಮ ಸಂಘದ ಕಚೇರಿಯ ಕಪಾಟಿಗೆ ಬೀಗವಿದೆ, ಕೀಲಿಕೈ ಕಾರ್ಯದರ್ಶಿಯವರಲ್ಲಿದೆ. ಪಕ್ಕದ ಕಂಪ್ಯೂಟರ್ ಮಾತ್ರ ಬಂದವರಿಗೆಲ್ಲ ತೆರೆದ ಬಾಗಿಲು. ಸದಸ್ಯರ ವಿಳಾಸ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ ಮಕ್ಕಳ ಆಧಾರ್ ಪ್ರತಿ, ಬ್ಯಾಂಕ್ ವಿವರ ಎಲ್ಲವೂ ಅದರೊಳಗಿವೆ. ಆಮಂತ್ರಣ ಪತ್ರಿಕೆ ಟೈಪ್ ಮಾಡುವವರೂ, ನಾಟಕಕ್ಕೆ ಹಾಡು ಇಳಿಸಿಕೊಳ್ಳುವವರೂ ಕೂರುವುದು 'ಅಡ್ಮಿನಿಸ್ಟ್ರೇಟರ್' ಖಾತೆಯಲ್ಲೇ.

ಇದು ಹಳೆಯ ಅಭ್ಯಾಸ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಮೊದಲು ತೆರೆದ ಖಾತೆಗೆ ಪೂರ್ಣಾಧಿಕಾರ ತಾನಾಗಿಯೇ ಸಿಗುತ್ತಿತ್ತು. ಪಾಸ್‌ವರ್ಡ್ ಕೂಡ ಕಡ್ಡಾಯವಿರಲಿಲ್ಲ. 2007ರಲ್ಲಿ ಬಂದ ವಿಸ್ತಾ, ಹೊಸ ಪ್ರೋಗ್ರಾಂ ಹಾಕುವ ಮೊದಲು ಒಪ್ಪಿಗೆ ಕೇಳತೊಡಗಿತು. ಆದರೆ ಅಡ್ಮಿನಿಸ್ಟ್ರೇಟರ್ ಆಗಿ ಕುಳಿತವರಿಗೆ ಇಂದಿಗೂ ಸಾಮಾನ್ಯವಾಗಿ ಒಂದು ಕ್ಲಿಕ್ ಸಾಕು. ನಾವೋ, ಓದದೆ ಒತ್ತುವವರು! ಸಾಮಾನ್ಯ ಖಾತೆಯಾದರೆ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳುತ್ತದೆ. ಕೈ ಅಲ್ಲಿ ತಡೆಯುತ್ತದೆ.

ದಿನದ ಕೆಲಸಕ್ಕೆ ಸಾಮಾನ್ಯ ಖಾತೆಯಿರಲಿ, ಆ ಪಾಸ್‌ವರ್ಡ್ ಇಬ್ಬರು ಪದಾಧಿಕಾರಿಗಳಲ್ಲಿ ಮಾತ್ರ ಇರಲಿ. "ಪ್ರಿಂಟರ್ ಜೋಡಿಸಲೂ ಅವರನ್ನು ಕಾಯಬೇಕೇ?" ಎಂಬ ಗೊಣಗಾಟ ಬಂದೇ ಬರುತ್ತದೆ. ಕಾಯೋಣ. ಹಾಗೆಂದು ಪೂರ್ತಿ ನಿಶ್ಚಿಂತೆಯಲ್ಲ. ಸಾಮಾನ್ಯ ಖಾತೆಯಲ್ಲಿ ತೆರೆಯಬಹುದಾದ ಕಡತಗಳನ್ನು ವೈರಸ್ ಅಲ್ಲಿಂದಲೇ ಕೆಡಿಸಬಲ್ಲದು, ಕದಿಯಬಲ್ಲದು. ಆದ್ದರಿಂದ ವೇತನ ವಿತರಣೆ ಮುಗಿದೊಡನೆ ಆಧಾರ್ ಪ್ರತಿಗಳನ್ನು ಅಳಿಸಬೇಕು. ಸದಸ್ಯರ ಪಟ್ಟಿಯ ಇನ್ನೊಂದು ಪ್ರತಿ ಬೇರೆ ಹಾರ್ಡ್‌ಡಿಸ್ಕ್‌ನಲ್ಲಿ, ಆ ಬೀಗದ ಕಪಾಟಿನೊಳಗಿರಲಿ. ಮುಂದಿನ ಕಾರ್ಯಕಾರಿ ಸಮಿತಿ ಸಭೆಗೆ ಈ ವಿಷಯವನ್ನು ಲಿಖಿತವಾಗಿ ಕೊಟ್ಟಿದ್ದೇನೆ.