ರಸೀದಿ ಪುಸ್ತಕವೂ ರಂಗಮಂಟಪವೂ

ಭಾನುವಾರ ಬೆಳಗ್ಗೆ ರಾಜಾಜಿನಗರದ ಬೀದಿಯಲ್ಲಿ ಕಂಕುಳಿಗೆ ರಸೀದಿ ಪುಸ್ತಕವನ್ನು ಸೇರಿಸಿಕೊಂಡು ಒಬ್ಬಾತ ನಡೆದುಬರುವುದನ್ನು ಕಂಡೊಡನೆ, ಜಗುಲಿಯಲ್ಲಿ ಕುಳಿತ ಯಜಮಾನರ ಕೈಯಲ್ಲಿರುವ ವೃತ್ತಪತ್ರಿಕೆಯು ಮುಖದ ಮಟ್ಟಕ್ಕೆ ಏರುತ್ತದೆ. ಬಂದವನು ಹವ್ಯಾಸಿ ನಾಟಕ ಸಂಘವೊಂದರ ಕಾರ್ಯದರ್ಶಿ. ಪತ್ರಿಕೆಯ ಹಿಂದಿನಿಂದಲೇ ಮಾತು ಬರುತ್ತದೆ.

"ಗಣೇಶನ ಚಂದಾ ಮೊನ್ನೆ ತಾನೆ ಕೊಟ್ಟೆವಲ್ಲಪ್ಪ."

"ಇದು ಗಣೇಶನಿಗಲ್ಲ ರಾಯರೆ, ನಾಟಕಕ್ಕೆ."

"ನಾಟಕಕ್ಕೋ! ಅದಕ್ಕೆ ಸರ್ಕಾರ ಕೊಡೋದಿಲ್ಲವೆ?"

ಕೊಡುವುದುಂಟು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಸಂಘ ಸಂಸ್ಥೆಗಳಿಗೆ ಸಹಾಯಧನವನ್ನು ನೀಡುತ್ತದೆ. ಆದರೆ ಅರ್ಜಿ, ಲೆಕ್ಕಪತ್ರ, ಛಾಯಾಚಿತ್ರಗಳೆಲ್ಲವೂ ಮೇಜಿನಿಂದ ಮೇಜಿಗೆ ಸಾಗುವುದಕ್ಕೆ ತಕ್ಕಷ್ಟು ಕಾಲ ಬೇಕು. ದೀಪ ಹಾಕಿದವನಿಗೂ ಬಣ್ಣ ಬಳಿದವನಿಗೂ ಅಂದಿನ ರಾತ್ರಿಯೇ ಕೂಲಿ ಸಲ್ಲಬೇಕು. ಈ ನಡುವಣ ಅಂತರವನ್ನು ತುಂಬುವುದು ಸಾಮಾನ್ಯವಾಗಿ ಕಾರ್ಯದರ್ಶಿಯ ಹೆಂಡತಿಯ ಬಳೆ.

ಲೆಕ್ಕವೇನೂ ಕಠಿಣವಲ್ಲ. ಒಂದು ನಾಟಕಕ್ಕೆ ರಂಗಮಂದಿರದ ಬಾಡಿಗೆ, ದೀಪ, ಪ್ರಸಾಧನ, ಉಡುಪು, ಮುದ್ರಣ ಎಲ್ಲವೂ ಸೇರಿ 60,000 ರೂಪಾಯಿ ತಗಲುವುದೆಂದು ವಾಚಕರು ಭಾವಿಸಲಿ. ಆಸನಗಳು 300. ಪ್ರತಿಯೊಂದಕ್ಕೂ 200 ರೂಪಾಯಿನಂತೆ ಟಿಕೆಟ್ ಮಾರಿದರೆ ಖರ್ಚು ಸರಿಹೋಯಿತು. ಆದರೆ ಸದಸ್ಯರ ಬಂಧುಗಳಿಗೆ, ಬಡಾವಣೆಯ ಮುಖಂಡರಿಗೆ, ಪತ್ರಿಕೆಯವರಿಗೆ, ಅವರ ಗೆಳೆಯರಿಗೆ ಎಂದು 180 ಪಾಸುಗಳು ಹಂಚಿಹೋಗುತ್ತವೆ. ಉಳಿದ 120 ಟಿಕೆಟುಗಳಿಂದ ಬರುವುದು 24,000, ಕೊರತೆ 36,000. ಪಾಸು ಪಡೆದವರಲ್ಲಿ ಅರ್ಧದಷ್ಟು ಮಂದಿ ಮಳೆಯ ನೆಪ ಹೇಳಿ ಬರುವುದೇ ಇಲ್ಲ. ಬಂದವರಿಗಿಂತ ಬಾರದವರಿಂದಲೇ ಸಂಘಕ್ಕೆ ಹೆಚ್ಚು ನಷ್ಟ: ಹಣವೂ ಇಲ್ಲ, ಚಪ್ಪಾಳೆಯೂ ಇಲ್ಲ.

ಈ ಕೊರತೆಯನ್ನು ತುಂಬಲು ಕಂಡುಕೊಂಡ ಪ್ರಸಿದ್ಧ ಉಪಾಯವೆಂದರೆ ಸ್ಮರಣ ಸಂಚಿಕೆ. ಮೊದಲ ಪುಟದಲ್ಲಿ ಸಂದೇಶಗಳು, ಕೊನೆಯ ಪುಟದಲ್ಲಿ ಸಕ್ಕರೆಯ ಸಗಟು ವ್ಯಾಪಾರಿಯ ಶುಭಾಶಯ, ನಡುವೆ ಎಲ್ಲಿಯೋ ನಾಟಕಕಾರನ ಹೆಸರು. ಜಾಹೀರಾತು ಕೊಟ್ಟವರನ್ನು ವೇದಿಕೆಗೆ ಕರೆಯದಿರಲಾದೀತೆ? ಆರೂವರೆಗೆ ಏಳಬೇಕಾದ ತೆರೆ ಏಳಕ್ಕೂ ಏಳದು. ಮೈಸೂರು ಪೇಟ, ಶಾಲು, ಫಲತಾಂಬೂಲ, ದಾನಿಗಳ 'ಎರಡು ಮಾತು'. ಎರಡು ಮಾತು ನಲವತ್ತು ನಿಮಿಷವಾದಾಗ ನಿರ್ದೇಶಕನು ಪರದೆಯ ಹಿಂದೆ ನಿಂತು ಯಾವ ದೃಶ್ಯವನ್ನು ಕತ್ತರಿಸುವುದೆಂದು ಯೋಚಿಸುತ್ತಿರುತ್ತಾನೆ. ಮೂರು ತಿಂಗಳು ತಾಲೀಮು ಮಾಡಿದ ಹುಡುಗಿಯ ಒಂದೇ ಒಂದು ದೃಶ್ಯ ಹೀಗೆ ಮಾಯವಾಗುವುದುಂಟು. ಹಣ ಬಂತು, ನಾಟಕ ಹೋಯಿತು.

ಬೇರೆ ದಾರಿಯಿಲ್ಲವೆ? ಇದೆ, ಅದನ್ನು ನಡೆದು ತೋರಿಸಿದವರೂ ಇದ್ದಾರೆ. ರಾಜಾಜಿನಗರದಿಂದ ಅಷ್ಟೇನೂ ದೂರವಿಲ್ಲದ ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಲಿಯು 1939ರಲ್ಲಿ ಆರಂಭವಾಯಿತು. ಎಸ್. ವಿ. ನಾರಾಯಣಸ್ವಾಮಿ ರಾಯರು ಮೊದಲುಮಾಡಿದ ಆ ರಾಮನವಮಿ ಸಂಗೀತೋತ್ಸವವು ಕೋಟೆ ಪ್ರೌಢಶಾಲೆಯ ಮೈದಾನದ ಚಪ್ಪರದಲ್ಲಿ ಬೆಳೆಯಿತು. ಎಂ. ಎಸ್. ಸುಬ್ಬುಲಕ್ಷ್ಮಿಯವರಂತಹ ವಿದ್ವನ್ಮಣಿಗಳು ಅಲ್ಲಿ ಹಾಡಿದರು. ದಾನಿಗಳ ನೆರವು ಅಲ್ಲಿಯೂ ಇತ್ತು; ಆದರೆ ಟಿಕೆಟು ಕೊಂಡು ಕೇಳುವುದನ್ನು ನಗರದ ಸಾಮಾನ್ಯ ಸಂಸಾರಗಳು ರೂಢಿಮಾಡಿಕೊಂಡವು.

ಅದಕ್ಕಿಂತಲೂ ವಿಚಾರಾರ್ಹವಾದ ಉದಾಹರಣೆ ಹೆಗ್ಗೋಡಿನದು. ರಾಜಗೋಪಾಲಾಚಾರಿಯವರ ಹೆಸರನ್ನು ಹೊತ್ತು ರಾಜಾಜಿನಗರವು ಕೈಗಾರಿಕಾ ಉಪನಗರವಾಗಿ ತಲೆಯೆತ್ತಿದ 1949ರಲ್ಲಿಯೇ, ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ನೀನಾಸಮ್ ಹುಟ್ಟಿತು. 1985ರಲ್ಲಿ ಅದು 'ತಿರುಗಾಟ'ವನ್ನು ಪ್ರಾರಂಭಿಸಿತು. ತಂಡವು ನಾಟಕಗಳನ್ನು ಕಟ್ಟಿಕೊಂಡು ಊರಿಂದೂರಿಗೆ ಸಾಗುತ್ತದೆ. ಆಯಾ ಊರಿನ ಸಂಘವು ಪ್ರದರ್ಶನಕ್ಕೆ ಗೊತ್ತಾದ ಮೊತ್ತವನ್ನು ಸಲ್ಲಿಸಿ ಊಟ ವಸತಿಗಳನ್ನು ನೋಡಿಕೊಳ್ಳುತ್ತದೆ. ಆ ಮೊತ್ತಕ್ಕಾಗಿ ಊರಿನವರು ಟಿಕೆಟು ಮಾರಬೇಕು. ಮಾರಬೇಕಾದರೆ ಮನೆಮನೆಗೆ ಹೋಗಿ ನಾಟಕ ಯಾವುದೆಂದು ಹೇಳಬೇಕು. ಹೀಗೆ ಹಣ ಕೂಡಿಸುವ ಕೆಲಸವೂ ಪ್ರೇಕ್ಷಕರನ್ನು ಕೂಡಿಸುವ ಕೆಲಸವೂ ಒಂದೇ ಆಯಿತು. ನೀನಾಸಮ್ ದೊಡ್ಡ ನೆರವುಗಳನ್ನೂ ಪಡೆದಿದೆ, ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿಯೂ ಸಂದಿತು. ಆದರೂ ತಿರುಗಾಟದ ಬೇರು ಅಂತಹ ನೆರವಿನಲ್ಲಿಲ್ಲ, ಸಣ್ಣ ಊರಿನ ಟಿಕೆಟಿನಲ್ಲಿದೆ.

ದೊಡ್ಡ ಕಂಪೆನಿಗಳ ಬಾಗಿಲನ್ನು ತಟ್ಟಬಾರದೆಂದಲ್ಲ. 2013ರ ಕಂಪೆನಿಗಳ ಕಾಯಿದೆಯು ದೊಡ್ಡ ಉದ್ಯಮಗಳು ತಮ್ಮ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕೆಂದು ವಿಧಿಸಿತು. ಆ ಕಾರ್ಯಗಳ ಪಟ್ಟಿಯಲ್ಲಿ ಕಲೆ ಸಂಸ್ಕೃತಿಗಳ ರಕ್ಷಣೆಯೂ ಸೇರಿದೆ. ಆದರೆ ಅದನ್ನು ಪಡೆಯಲು ಸಂಘಕ್ಕೆ ತೆರಿಗೆ ಇಲಾಖೆಯ ನೋಂದಣಿ, ಕಂಪೆನಿ ವ್ಯವಹಾರ ಮಂತ್ರಾಲಯದ ನೋಂದಣಿ, ಪರಿಶೋಧಿತ ಲೆಕ್ಕ ಇವೆಲ್ಲವೂ ಬೇಕು. ವರ್ಷಕ್ಕೊಂದು ನಾಟಕವಾಡುವ ಬಸವೇಶ್ವರನಗರದ ಸಂಘವು ಈ ಕಾಗದಗಳ ಹಿಂದೆ ಬಿದ್ದರೆ ನಾಟಕದ ಪ್ರತಿಯನ್ನು ಬಾಯಿಪಾಠ ಮಾಡುವವರಾರು?

ತೆರಿಗೆಯ ರಿಯಾಯಿತಿಯ ಆಸೆ ತೋರಿಸಿ ಗೃಹಸ್ಥರಿಂದ ಹಣ ಕೇಳುವವರೂ ಉಂಟು. 2,000 ರೂಪಾಯಿಗೆ ಮೀರಿದ ದೇಣಿಗೆಯನ್ನು ನಗದಾಗಿ ಕೊಟ್ಟರೆ ಆ ರಿಯಾಯಿತಿ ದೊರೆಯದು. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ಸಂಬಳದಾರನಿಗಂತೂ ದೊರೆಯುವುದೇ ಇಲ್ಲ. ಇದು ಒಂದು ದೃಷ್ಟಿಯಿಂದ ಒಳ್ಳೆಯದೇ ಆಯಿತು. ಇನ್ನು ನಾಟಕವನ್ನು ನಾಟಕಕ್ಕಾಗಿಯೇ ಮಾರಬೇಕು.

ಮೇಲೆ ಹೇಳಿದ ಕಾರ್ಯದರ್ಶಿಗೆ ಈ ಜ್ಞಾನ ಮೂರು ವರ್ಷ ಸಾಲ ತೀರಿಸಿದ ಮೇಲೆ ಬಂದಿತು. ಈಗ ಅವನು ಪಾಸು ಮುದ್ರಿಸುವುದಿಲ್ಲ; ಅವನ ತಾಯಿಗೂ ಟಿಕೆಟೇ. ನೂರು ರೂಪಾಯಿ ಕೊಟ್ಟ ಇಸ್ತ್ರಿ ಅಂಗಡಿಯವನಿಗೆ ರಸೀದಿಯೊಡನೆ, ನಾಟಕ ಯಾವಾಗ, ಮಲ್ಲತ್ತಹಳ್ಳಿಯ ಕಲಾಗ್ರಾಮಕ್ಕೆ ಯಾವ ಬಸ್ಸು ಎಂಬುದನ್ನು ಬರೆದ ಚೀಟಿಯನ್ನೂ ಕೊಡುತ್ತಾನೆ. ಸನ್ಮಾನಗಳೆಲ್ಲವೂ ನಾಟಕ ಮುಗಿದ ಮೇಲೆ. ಇದರಿಂದ ಇಬ್ಬರು ಪೋಷಕರು ಮುನಿಸಿಕೊಂಡು ಬಿಟ್ಟುಹೋದರು. ಆ ವರ್ಷ ಉಡುಪುಗಳನ್ನು ಎರವಲು ತರಬೇಕಾಯಿತು.

ಇನ್ನೊಂದು ಪದ್ಧತಿಯನ್ನೂ ಅವನು ಹಾಕಿಕೊಂಡಿದ್ದಾನೆ. ಪ್ರದರ್ಶನವಾದ ಮುಂದಿನ ಭಾನುವಾರ ಜಮಾಖರ್ಚಿನ ಹಾಳೆಯನ್ನು ಹಿಡಿದು ಅದೇ ಮನೆಗಳಿಗೆ ಮತ್ತೆ ಹೋಗುತ್ತಾನೆ, ಕೇಳಲಿಕ್ಕಲ್ಲ, ತೋರಿಸಲಿಕ್ಕೆ. ರಾಯರು ಪತ್ರಿಕೆಯನ್ನು ಕೆಳಗಿಟ್ಟು, ಕನ್ನಡಕವನ್ನು ಸರಿಪಡಿಸಿಕೊಂಡು, ಬಾಡಿಗೆ ಮುದ್ರಣಗಳನ್ನೆಲ್ಲ ದಾಟಿ ನೇರವಾಗಿ ಒಂದು ಬಾಬ್ತಿನ ಮೇಲೆ ಬೆರಳಿಟ್ಟರು.

"ಕಾಫಿಗೆ 4,200 ರೂಪಾಯಿ! ಯಾರಯ್ಯ ಇಷ್ಟು ಕುಡಿದೋರು?"

"ಹನ್ನೆರಡು ಜನ ಹುಡುಗರು ರಾಯರೆ, ಎರಡು ತಿಂಗಳ ತಾಲೀಮು."

ರಾಯರು ಒಳಗೆ ತಿರುಗಿ ಹೆಂಡತಿಯನ್ನು ಕರೆದರು. ಅವರೊಡನೆ ಏನೋ ಮೆಲ್ಲಗೆ ಮಾತಾಯಿತು.

"ಹೋಟೆಲಿನ ಕಾಫಿ ಬೇಡ. ಬರುವ ವರ್ಷದಿಂದ ಭಾನುವಾರದ ತಾಲೀಮಿಗೆ ನಮ್ಮ ಮನೆಯಿಂದಲೇ ಬರುತ್ತೆ. ಫ್ಲಾಸ್ಕು ಮಾತ್ರ ತೊಳೆದು ವಾಪಸು ಕೊಡಬೇಕು, ತಿಳೀತೆ?"